ಸಂಗಾತಿ ತೀರಿಕೊಂಡ ಮೊದಲ ವರ್ಷ: ನಂಬಿಕೆ ಹಿಡಿದು ಧೈರ್ಯ ಕೂಡಿಸಿಕೊಳ್ಳುವ ದಾರಿ

ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. “ದೇವರ ಮುಂದೆ ಕೂತರೆ ಅಳು ಬಿಟ್ಟು ಬೇರೇನೂ ಬರುವುದಿಲ್ಲ, ಪೂಜೆ ಬಿಟ್ಟುಬಿಡಲೇ?” “ಸೂತಕದಲ್ಲಿ ಪ್ರಾರ್ಥನೆ ಮಾಡಬಹುದಾ?” “ಬ್ಯಾಂಕಿಗೆ ಹೋಗಬೇಕು, ಹೊಸ್ತಿಲು ದಾಟಲು ಕಾಲೇ ಬರುವುದಿಲ್ಲ.” “ಇಷ್ಟು ವರ್ಷ ನಂಬಿದ ದೇವರ ಮೇಲೇ ಸಿಟ್ಟು ಬರುತ್ತಿದೆ, ಇದು ಪಾಪವಾ?”

ಈ ಪ್ರಶ್ನೆಗಳಿಗೆಲ್ಲ ಒಟ್ಟಿಗೆ ಉತ್ತರ ಕೊಡುವ ಪ್ರಯತ್ನವಿದು. ನೀವು ಯಾವ ದೇವರನ್ನು ನಂಬಿದ್ದರೂ ಸರಿ, ಕೆಳಗಿನ ಹಂತಗಳು ನಿಮಗೆ ಹೊಂದುತ್ತವೆ. ತಿರುಳು ಇಷ್ಟೇ: ದಿನಕ್ಕೆ ಹತ್ತು ನಿಮಿಷದ ಒಂದು ನಿಯಮ ಹಿಡಿಯಿರಿ. ಆ ನಿಯಮದ ಬೆನ್ನಿಗೇ, ನಿಮಗೆ ಅಂಜಿಕೆ ಹುಟ್ಟಿಸುವ ಒಂದೇ ಒಂದು ಕೆಲಸ ಮಾಡಿ. ಧೈರ್ಯ ಬಂದ ಮೇಲೆ ಕೆಲಸಕ್ಕೆ ಕೈ ಹಾಕೋಣ ಎಂದು ಕಾಯುತ್ತ ಕೂತವರಿಗೆ ಅದು ಬರುವುದೇ ಇಲ್ಲ. ಒಂದೊಂದು ಕೆಲಸ ಮುಗಿದ ಹಾಗೆ ಅದು ಗುಟುಕು ಗುಟುಕಾಗಿ ಬರುತ್ತದೆ.

ಮೊದಲು ಜೊತೆಗಿಟ್ಟುಕೊಳ್ಳಬೇಕಾದವು

ಹೆಚ್ಚೇನೂ ಬೇಡ. ಮನೆಯಲ್ಲಿ ಕೂರಲು ಒಂದು ಜಾಗ, ಒಂದು ಚಾಪೆ ಅಥವಾ ಮಣೆ. ಮಂಡಿ ನೋವಿದ್ದರೆ ಕುರ್ಚಿ. ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು. ಕಾಗದಪತ್ರ ಇಡಲು ಗುಂಡಿ ಹಾಕುವ ಒಂದು ಪ್ಲಾಸ್ಟಿಕ್ ಫೈಲು. ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಜೊತೆಗಾರರು: ತಂಗಿಯೋ, ನಾದಿನಿಯೋ, ಪಕ್ಕದ ಮನೆಯವರೋ, ಹಳೆಯ ಗೆಳೆಯನೋ ಆಗಬಹುದು. ಅವರು ಮಾಡಬೇಕಾದದ್ದು ಎರಡೇ. ದಿನಕ್ಕೊಂದು ಸಲ ಫೋನ್ ಮಾಡಿ “ಇವತ್ತು ಕೂತ್ರಾ?” ಎಂದು ಕೇಳಬೇಕು, ಕಚೇರಿ ಕೆಲಸಕ್ಕೆ ಒಮ್ಮೊಮ್ಮೆ ಜೊತೆಗೆ ಬರಬೇಕು. ಬುದ್ಧಿವಾದ ಹೇಳುವವರನ್ನು ಈ ಕೆಲಸಕ್ಕೆ ಆರಿಸಬೇಡಿ. ಸುಮ್ಮನೆ ಕೇಳಿಸಿಕೊಳ್ಳುವವರು ಸಿಕ್ಕರೆ ಅವರೇ ಸರಿ.

ಹಂತ 1: ಮೊದಲ ಹದಿಮೂರು ದಿನ

ಈ ದಿನಗಳಲ್ಲಿ ಮನೆ ತುಂಬ ಜನ, ನಿಮ್ಮ ತಲೆ ಖಾಲಿ. ಹೊಸದೇನನ್ನೂ ಶುರು ಮಾಡುವ ಹೊತ್ತಲ್ಲ. ಆದರೂ ಮೂರು ಮಾತು ತಿಳಿದಿರಲಿ.

ಒಂದು, ಸೂತಕದ ಮಾತು. ಸೂತಕ ಎಂದರೆ ಸಾವಿನ ನಂತರ ಕುಟುಂಬದವರು ದೇವರ ಪೂಜೆ, ಹಬ್ಬಗಳಿಂದ ದೂರವಿರುವ ಅವಧಿ. ಬಹಳ ಮನೆತನಗಳಲ್ಲಿ ಹತ್ತು ದಿನ. ವಿಗ್ರಹ ಮುಟ್ಟಿ ಮಾಡುವ ಪೂಜೆ ನಿಲ್ಲುತ್ತದೆ, ಮನಸ್ಸಿನಲ್ಲಿ ದೇವರ ಹೆಸರು ಹೇಳಿಕೊಳ್ಳುವುದಕ್ಕೆ ಯಾವ ತಡೆಯೂ ಇಲ್ಲ. ಅಡುಗೆಮನೆ ಮೂಲೆಯಲ್ಲಿ ಕೂತು ಹೇಳಿಕೊಂಡರೂ ಆಯಿತು. ಲಿಂಗಾಯತರಿಗೆ ಈ ಪ್ರಶ್ನೆಯೇ ಏಳಬಾರದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ತಳ್ಳಿಹಾಕಿದ್ದಾರೆ, ಹಾಗಾಗಿ ಇಷ್ಟಲಿಂಗ ಪೂಜೆ ಆ ದಿನವೂ ನಿಲ್ಲುವುದಿಲ್ಲ. ಮುಸ್ಲಿಂ ಹೆಣ್ಣುಮಕ್ಕಳಿಗೆ ಇದ್ದತ್, ಅಂದರೆ ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಇದ್ದು ಕಳೆಯುವ ಅವಧಿ, ನಾಲ್ಕು ತಿಂಗಳು ಹತ್ತು ದಿನ, ಬಸುರಿಯಾಗಿದ್ದರೆ ಹೆರಿಗೆಯವರೆಗೆ. ಅಗತ್ಯದ ಕೆಲಸಕ್ಕೆ ಹಗಲು ಹೊತ್ತು ಹೊರಗೆ ಹೋಗಬಹುದು ಎನ್ನುವ ವಿದ್ವಾಂಸರಿದ್ದಾರೆ. ಬ್ಯಾಂಕು, ಕಚೇರಿಯ ಕೆಲಸವಿದ್ದರೆ ನಿಮ್ಮ ಮೌಲ್ವಿಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಎರಡು, ಖರ್ಚಿನ ಮಾತು. ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ, ಶಿವಗಣಾರಾಧನೆ ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. “ಅವರ ಆತ್ಮಕ್ಕೆ ಕಡಿಮೆ ಮಾಡಬಾರದು” ಎಂಬ ಮಾತಿಗೆ ಎದುರಾಡುವ ಶಕ್ತಿ ಆಗ ಯಾರಿಗೂ ಇರುವುದಿಲ್ಲ. ಮನೆಯಲ್ಲಿ ನಂಬುವ ಒಬ್ಬರಿಗೆ ಮೊದಲ ದಿನವೇ ಒಂದು ಮೊತ್ತ ಹೇಳಿ, “ಇದರೊಳಗೆ ಮುಗಿಸಿ” ಅನ್ನಿ. ಕೈಯಲ್ಲಿರುವ ಹಣದಲ್ಲಿ ಕನಿಷ್ಠ ಮೂರು ತಿಂಗಳ ಮನೆಖರ್ಚು ಬದಿಗೆ ತೆಗೆದಿಟ್ಟು, ಉಳಿದದ್ದರಲ್ಲಿ ಆ ಮೊತ್ತ ಗೊತ್ತು ಮಾಡಿ. ಕರ್ಮಕ್ಕಾಗಿ ಒಡವೆ ಅಡ ಇಡಬೇಡಿ, ಕೈಸಾಲ ಮಾಡಬೇಡಿ. ಎಳ್ಳು ನೀರು ಬಿಟ್ಟು ನಾಲ್ಕು ಜನಕ್ಕೆ ಊಟ ಹಾಕಿದರೂ ಕರ್ಮ ಕರ್ಮವೇ. ಪುರೋಹಿತರನ್ನು ನೇರವಾಗಿ ಕೇಳಿ ನೋಡಿ, ಬಹಳ ಜನ ಸಂಕ್ಷೇಪದ ಕ್ರಮ ತಾವೇ ಹೇಳಿಕೊಡುತ್ತಾರೆ.

ಮೂರು, ಸಹಿಯ ಮಾತು. ಈ ಹದಿಮೂರು ದಿನದಲ್ಲಿ ಆಸ್ತಿಗೆ ಸಂಬಂಧಿಸಿದ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಖಾಲಿ ಹಾಳೆಗಂತೂ ಬೇಡವೇ ಬೇಡ. ‘ಹಕ್ಕು ಬಿಡುಗಡೆ ಪತ್ರ’ ಎಂದರೆ ನಿಮ್ಮ ಪಾಲನ್ನು ಬಿಟ್ಟುಕೊಟ್ಟೆ ಎಂದು ಬರೆದುಕೊಡುವ ಕಾಗದ. ನೋಂದಣಿಯಾದ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದು ಬಲು ಕಷ್ಟ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ತಾಯಿ ಇವರಿಗೆ ಸಮಪಾಲು ಎನ್ನುತ್ತದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಹಿರಿಯರ ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’ ಎನ್ನಲು ಬಾಯಿ ಬರದಿದ್ದರೆ ನಿಮ್ಮ ನಂಬಿಕೆಯನ್ನೇ ಮುಂದಿಡಿ. ದೇವರ ಎದುರು ಕೂತು ನಿಜವಾಗಿಯೂ ಸಂಕಲ್ಪ ಮಾಡಿ, ಆಮೇಲೆ ಹೀಗೆ ಹೇಳಿ:

“ಚಿಕ್ಕಪ್ಪಾ, ವರ್ಷ ತುಂಬೋವರೆಗೂ ಆಸ್ತಿ ಕಾಗದಕ್ಕೆ ಸಹಿ ಹಾಕಲ್ಲ ಅಂತ ದೇವರ ಮುಂದೆ ಸಂಕಲ್ಪ ಮಾಡಿದೀನಿ. ಬೇಜಾರು ಮಾಡ್ಕೋಬೇಡಿ.”

ಈ ಮಾತಿಗೆ ಎದುರು ಹೇಳುವುದು ಯಾರಿಗೂ ಸುಲಭವಲ್ಲ. ಪಿಂಚಣಿ, ವಿಮೆ, ಜಮೀನಿನ ಖಾತೆಗೆ ನಿಮ್ಮ ಹೆಸರು ಸೇರಿಸುವ ಅರ್ಜಿಗಳು ಬೇರೆ. ಅವುಗಳಿಗೆ ಓದಿ ನೋಡಿ ಸಹಿ ಹಾಕಲೇಬೇಕು.

ಹಂತ 2: ಹತ್ತು ನಿಮಿಷದ ನಿಯಮ

ಬಂಧುಗಳು ಹೊರಟು, ಮನೆ ಬಿಕೋ ಎನ್ನುವ ದಿನದಿಂದ ಇದನ್ನು ಶುರು ಮಾಡಿ. ಎಲ್ಲ ಹಂತಗಳಲ್ಲಿ ಇದೇ ಗಟ್ಟಿ ಬುನಾದಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಹೊತ್ತು: ಬೆಳಗ್ಗೆ, ಮುಖ ತೊಳೆದ ಕೂಡಲೇ, ಮೊಬೈಲ್ ಮುಟ್ಟುವ ಮೊದಲು. ಸ್ನಾನ ಮಾಡಿಯೇ ಕೂರಬೇಕು ಎಂದುಕೊಂಡರೆ, ದುಃಖದ ದಿನಗಳಲ್ಲಿ ಸ್ನಾನವೇ ಹನ್ನೊಂದು ಗಂಟೆಗೆ ಹೋಗುತ್ತದೆ, ನಿಯಮ ತಪ್ಪುತ್ತದೆ. ಕೈಕಾಲು ಮುಖ ತೊಳೆದರೆ ಸಾಕು.

ಜಾಗ: ದಿನವೂ ಅದೇ ಜಾಗ. ತೀರಿಕೊಂಡವರ ಫೋಟೊ ನೇರ ಕಣ್ಣೆದುರು ಬೇಡ, ಪಕ್ಕದ ಗೋಡೆಯಲ್ಲಿರಲಿ. ಎದುರಿಗಿದ್ದರೆ ಮೊದಮೊದಲು ಹತ್ತು ನಿಮಿಷವೂ ಆ ಮುಖವನ್ನು ನೋಡುವುದರಲ್ಲೇ ಕಳೆದುಹೋಗುತ್ತದೆ.

ದೀಪ: ಹಚ್ಚುವ ಪದ್ಧತಿ ಇದ್ದರೆ ಹಚ್ಚಿ. ಸಣ್ಣ ಹಿತ್ತಾಳೆ ದೀಪಕ್ಕೆ ಎರಡು ಚಮಚ ಎಳ್ಳೆಣ್ಣೆ ಸಾಕು, ನೀವು ಏಳುವವರೆಗೂ ಧಾರಾಳವಾಗಿ ಉರಿಯುತ್ತದೆ. ಬತ್ತಿ ಎಣ್ಣೆಯಲ್ಲಿ ಪೂರ್ತಿ ನೆನೆಯದೆ ಹಚ್ಚಿದರೆ ಹತ್ತಿ ಕರಕಾಗಿ ದೀಪ ಪದೇ ಪದೇ ಆರುತ್ತದೆ. ಹೀಗೆ ಆರಿದ್ದನ್ನು ಅಪಶಕುನವೆಂದು ಹಚ್ಚಿಕೊಂಡು ಇಡೀ ದಿನ ಕೊರಗುವವರಿದ್ದಾರೆ. ಬತ್ತಿಯ ತುದಿಯನ್ನು ಒಂದು ಕಾಳಿನಷ್ಟು ಮೇಲೆಳೆದು, ಕರಿ ಉದುರಿಸಿ ಮತ್ತೆ ಹಚ್ಚಿ. ಎದ್ದು ಹೊರಗೆ ಹೋಗುವಾಗ ದೀಪ ಶಾಂತ ಮಾಡಿಯೇ ಹೋಗಿ.

ಹೇಳಿಕೊಳ್ಳುವುದು: ನಿಮಗೆ ಮೊದಲೇ ಬಾಯಿಗೆ ಬರುವುದನ್ನೇ ಆರಿಸಿ. ಪಂಚಾಕ್ಷರಿ, ಅಂದರೆ ‘ನಮಃ ಶಿವಾಯ’ ಎಂಬ ಐದಕ್ಷರ. ಗೋವಿಂದ ನಾಮ. ಮನೆದೇವರ ಹೆಸರು. ಜೈನರಾದರೆ ಣಮೋಕಾರ ಮಂತ್ರ. ಕ್ರೈಸ್ತರಾದರೆ 23ನೇ ಕೀರ್ತನೆ, ಅಥವಾ ಜಪಸರದ ಹತ್ತು ಮಣಿ. ಮುಸ್ಲಿಮರಾದರೆ ನಮಾಜಿನ ನಂತರದ ತಸ್ಬೀಹ್, 33, 33, 34ರ ಎಣಿಕೆಯಲ್ಲಿ. ಇಷ್ಟಲಿಂಗ ಧರಿಸಿದವರು ಎಡ ಅಂಗೈಯಲ್ಲಿ ಲಿಂಗವಿಟ್ಟು, ಎದೆಯ ಮಟ್ಟದಲ್ಲಿ ಹಿಡಿದು ದೃಷ್ಟಿ ನೆಡುವುದು. ಈಗ ಹೊಸ ಸ್ತೋತ್ರ, ಉದ್ದದ ಸಹಸ್ರನಾಮ ಕಲಿಯಲು ಹೋಗಬೇಡಿ. ದುಃಖದಲ್ಲಿ ನೆನಪಿನ ಶಕ್ತಿ ಕುಂದಿರುತ್ತದೆ. ನಡುವೆ ಮರೆತರೆ “ನನ್ನಿಂದ ಇದೂ ಆಗುವುದಿಲ್ಲ” ಎಂಬ ಇನ್ನೊಂದು ಸೋಲು ಸೇರಿಕೊಳ್ಳುತ್ತದೆ.

ಉಸಿರು: ನಾಮ ಚಿಕ್ಕದಾಗಿದ್ದರೆ ಹೀಗೆ ಮಾಡಿ. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಮೆಲ್ಲಗೆ ಹೊರಗೆ. ಹೊರಗೆ ಬಿಡುವಾಗ ಒಂದು ಸಲ ನಾಮ ಹೇಳಿ. ಒಂದು ಸುತ್ತಿಗೆ ಸುಮಾರು ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಈ ಲೆಕ್ಕ ನಮ್ಮ ಕಲ್ಪನೆಯಲ್ಲ. ಇಟಲಿಯ ವೈದ್ಯರು ಜಪಸರದ ಪ್ರಾರ್ಥನೆ ಹೇಳುವವರನ್ನೂ ಬೌದ್ಧ ಮಂತ್ರ ಹೇಳುವವರನ್ನೂ ಪರೀಕ್ಷಿಸಿ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿದಿತ್ತು, ಹೃದಯದ ಲಯಕ್ಕೂ ಅದರಿಂದ ಒಳ್ಳೆಯದಾಗಿತ್ತು. ಭಯವಾದಾಗ ಎದೆ ಡವಗುಟ್ಟುವುದು, ಬೆರಳು ತಣ್ಣಗಾಗುವುದು ನಿಮಗೆ ಗೊತ್ತೇ ಇದೆ. ಈ ನಿಧಾನ ಉಸಿರು ಅದನ್ನು ಮೈಯಿಂದಲೇ ಇಳಿಸುತ್ತದೆ.

ಎಣಿಕೆ: 108 ಬೇಡ. ಈ ಲೆಕ್ಕದಲ್ಲಿ 108 ಹೇಳಲು ಹದಿನೆಂಟು ನಿಮಿಷ ಬೇಕು, ಎರಡೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಅದರ ಕಾಲುಭಾಗ 27 ಸಾಕು, ನಾಲ್ಕೂವರೆ ನಿಮಿಷ. ಮಾಲೆ ಇಲ್ಲದಿದ್ದರೆ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಸರಿಸಿ. ಬೆರಳಿಗೆ ಮೂರರಂತೆ ಒಂದು ಸುತ್ತಿಗೆ 12. ಎರಡು ಸುತ್ತು, ಮೇಲೆ ಮೂರು. ತಲೆ ಸುತ್ತಿದರೆ ಎಣಿಕೆ ಬಿಟ್ಟು ಸಾಧಾರಣವಾಗಿ ಉಸಿರಾಡಿ. ಹೃದಯದ ತೊಂದರೆ, ಉಬ್ಬಸ ಇರುವವರು ಉಸಿರು ಬಿಗಿಹಿಡಿಯಲೇಬಾರದು.

ಉಳಿದ ಐದು ನಿಮಿಷ: ಸುಮ್ಮನೆ ಕೂತು ದೇವರ ಜೊತೆ ನಿಮ್ಮ ಮನೆಮಾತಿನಲ್ಲಿ ಮಾತಾಡಿ. ಅಳು ಬಂದರೆ ಅಳಿ, ಎದ್ದು ಹೋಗಬೇಡಿ. ಅತ್ತರೂ ಕೂತಿದ್ದೀರಿ, ಆ ದಿನದ ನಿಯಮ ನಡೆದ ಹಾಗೆಯೇ.

ಸಿಟ್ಟಿನ ವಿಷಯ ಇಲ್ಲೇ ಹೇಳಬೇಕು. ದೇವರನ್ನು ಬೈಯುವುದು ನಮ್ಮ ಪರಂಪರೆಗೆ ಹೊಸದಲ್ಲ. ದಾಸರಲ್ಲಿ ‘ನಿಂದಾಸ್ತುತಿ’ ಎಂಬ ಒಂದು ಪ್ರಕಾರವೇ ಇದೆ, ದೇವರನ್ನು ಹಂಗಿಸುತ್ತಲೇ ಹೊಗಳುವ ಪದಗಳು. ಬೈಬಲಿನ ಕೀರ್ತನೆಗಳಲ್ಲಿ ಎಷ್ಟೋ “ಯಾಕೆ ಕೈಬಿಟ್ಟೆ?” ಎಂಬ ಗೋಳೇ. ಸಿಟ್ಟಿದ್ದರೆ ಆ ಐದು ನಿಮಿಷದಲ್ಲಿ ಬಾಯಿಬಿಟ್ಟೇ ಹೇಳಿ. ನುಂಗಿಕೊಂಡವರು ಸಾಮಾನ್ಯವಾಗಿ ಒಂದು ತಿಂಗಳಲ್ಲಿ ದೇವರ ಕೋಣೆಯ ಬಾಗಿಲನ್ನೇ ಮುಚ್ಚಿಬಿಡುತ್ತಾರೆ. ಜಗಳವಾಡಿದವರು ಮರುದಿನ ಮತ್ತೆ ಬಂದು ಕೂರುತ್ತಾರೆ.

ಒಂದು ದಿನ ತಪ್ಪಿದರೆ? ಮರುದಿನ 27ನ್ನೇ ಹೇಳಿ. ತಪ್ಪಿದ್ದನ್ನು ಸೇರಿಸಿ 54 ಮಾಡಬೇಡಿ. ಬಾಕಿ ಕಟ್ಟಲು ಹೊರಟ ಕೂಡಲೇ ನಿಯಮವೂ ಒಂದು ಸಾಲವಾಗುತ್ತದೆ.

ಹಂತ 3: ನಿಯಮದ ಬೆನ್ನಿಗೆ ಒಂದು ಕೆಲಸ

ಕೂತು ಏಳುವ ಮೊದಲು ನೋಟ್‌ಬುಕ್ ತೆರೆಯಿರಿ. ಎಡಪುಟದಲ್ಲಿ ಇವತ್ತಿನ ಒಂದು ಕೆಲಸ, ಅದರ ಬಗೆಗಿನ ಭಯ. ಬಲಪುಟವನ್ನು ಸಂಜೆಗೆ ಖಾಲಿ ಬಿಡಿ. ಬರೆದದ್ದು ಹೀಗಿರಬಹುದು:

ಎಡ: “ಬ್ಯಾಂಕಿಗೆ ಹೋಗಬೇಕು. ಇವರ ಹೆಸರು ಹೇಳುವಾಗ ಎಲ್ಲರೆದುರು ಅತ್ತುಬಿಟ್ಟರೆ?”

ಬಲ: “ಅತ್ತೆ. ಕೌಂಟರಿನ ಹುಡುಗಿ ನೀರು ಕೊಟ್ಟಳು. ಫಾರಂ ಸಿಕ್ಕಿತು. ಮರಣ ಪ್ರಮಾಣಪತ್ರದ ಇನ್ನೊಂದು ಪ್ರತಿ ಬೇಕಂತೆ.”

ಎರಡು ತಿಂಗಳ ನಂತರ ಈ ಪುಟಗಳನ್ನು ತಿರುವಿ ಹಾಕಿ. ಎಡಪುಟದ ಭಯಗಳಲ್ಲಿ ಎಷ್ಟು ನಿಜವಾದವು, ನಿಜವಾದಾಗಲೂ ನೀವು ಹೇಗೆ ದಾಟಿದಿರಿ ಎಂಬುದು ನಿಮ್ಮ ಕೈಬರಹದಲ್ಲೇ ಇರುತ್ತದೆ. “ದೇವರು ಕೈಬಿಡಲಿಲ್ಲ” ಎಂದು ಇನ್ನೊಬ್ಬರು ನೂರು ಸಲ ಹೇಳಿದರೂ ಇಳಿಯದ ಮಾತು ಆಗ ಇಳಿಯುತ್ತದೆ.

ಯಾವ ಕೆಲಸ ಮೊದಲು? ಗಡುವು ಇರುವುದು ಮೊದಲು.

ಮರಣ ನೋಂದಣಿಗೆ 21 ದಿನ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಆಸ್ಪತ್ರೆಯೇ ವರದಿ ಮಾಡುತ್ತದೆ, ಆದರೂ ವಿಚಾರಿಸಿ. ಮನೆಯಲ್ಲಾದರೆ ನೀವೇ ತಿಳಿಸಬೇಕು, ಹಳ್ಳಿಯಲ್ಲಿ ನೋಂದಣಾಧಿಕಾರಿ ಯಾರೆಂದು ಪಂಚಾಯಿತಿಯಲ್ಲಿ ಕೇಳಿ. ತಡವಾದರೆ ದಂಡ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಎಂದು ದಾರಿ ಉದ್ದವಾಗುತ್ತದೆ. ಕರ್ನಾಟಕದಲ್ಲಿ ಈ ಪ್ರಮಾಣಪತ್ರ ‘ಇ-ಜನ್ಮ’ ವ್ಯವಸ್ಥೆಯಲ್ಲಿ ಸಿಗುತ್ತದೆ. ಎಂಟು ಹತ್ತು ಪ್ರತಿ ತೆಗೆಸಿಡಿ. ಪಡೆಯುವಾಗಲೇ ಹೆಸರಿನ ಅಕ್ಷರ ನೋಡಿ. ಆಧಾರ್‌ನಲ್ಲಿ ‘ಶಿವಣ್ಣ’, ಪಾಸ್‌ಬುಕ್‌ನಲ್ಲಿ ‘ಶಿವಣ್ಣ ಗೌಡ’ ಎಂದಿದ್ದರೆ ಮುಂದಿನ ಎಲ್ಲ ಅರ್ಜಿಗಳೂ ಅಲ್ಲೇ ಸಿಕ್ಕಿಕೊಳ್ಳುತ್ತವೆ.

ಆಮೇಲೆ ಅವರ ಪಾಸ್‌ಬುಕ್ ಹಿಡಿದು ಒಂದು ವರ್ಷದ ಸಾಲುಗಳ ಮೇಲೆ ಬೆರಳಾಡಿಸಿ. 436 ರೂಪಾಯಿ ಕಡಿತವಾಗಿದ್ದರೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ ಇದ್ದಿರಬಹುದು, 20 ರೂಪಾಯಿಯಾದರೆ ಸುರಕ್ಷಾ ಅಪಘಾತ ವಿಮೆ. ಎರಡರಲ್ಲೂ ಸಾವಿಗೆ ಸಿಗುವ ಮೊತ್ತ 2 ಲಕ್ಷ, ಎರಡನೆಯದು ಅಪಘಾತದ ಸಾವಿಗೆ ಮಾತ್ರ. ಮನೆಯವರಿಗೇ ತಿಳಿಯದೆ ಈ ಹಣ ಉಳಿದುಹೋಗುವುದುಂಟು. ಕಂಪನಿ ಕೆಲಸದಲ್ಲಿದ್ದವರಾದರೆ ಭವಿಷ್ಯ ನಿಧಿ, ಅದರ ಜೊತೆಗಿನ ವಿಮೆ, ಕುಟುಂಬ ಪಿಂಚಣಿ ಮೂರನ್ನೂ ಹೆಸರಿಟ್ಟು ಕೇಳಿ. ವಂಶವೃಕ್ಷ ಪ್ರಮಾಣಪತ್ರ, ವಿಧವಾ ವೇತನದ ಅರ್ಜಿ ನಾಡಕಚೇರಿಯಲ್ಲಿ. ಜಮೀನಿದ್ದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ನಿಮ್ಮ ಹೆಸರು ಬಿಟ್ಟುಹೋಗಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಒಂದು ಎಚ್ಚರಿಕೆ. ಅವರ ಎಟಿಎಂ ಕಾರ್ಡ್ ಕೈಯಲ್ಲಿದೆ, ಪಿನ್ ಗೊತ್ತಿದೆ ಎಂದು ಸಾವಿನ ನಂತರ ಹಣ ತೆಗೆಯಬೇಡಿ. ಮುಂದೆ ವಾರಸುದಾರರ ನಡುವೆ ಮಾತು ಬಂದಾಗ ಅದೇ ಮೊದಲ ಆರೋಪವಾಗುತ್ತದೆ.

ಗಂಡಸರಿಗೆ ಅಂಜಿಕೆ ಬೇರೆ ಕಡೆ ಇರುತ್ತದೆ. ಬ್ಯಾಂಕು ಗೊತ್ತು, ಅಡುಗೆಮನೆ ಗೊತ್ತಿಲ್ಲ. ಎಡಪುಟದಲ್ಲಿ “ಅನ್ನ, ತಿಳಿಸಾರು” ಎಂದು ಬರೆಯಿರಿ. ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು, ಕುಕ್ಕರಿನಲ್ಲಿ ಮೂರು ಕೂಗು. ಅವಳ ಡಬ್ಬಿಗಳಿಗೆ ಕೈ ಹಾಕುವುದೇ ಕಷ್ಟ ಎನ್ನುತ್ತೀರಿ, ನಿಜ. ಕೈಮುಗಿದು ತೆರೆಯಿರಿ. ಮಾಡಿದ ಅನ್ನದ ಮೊದಲ ತುತ್ತನ್ನು ಕಾಗೆಗೋ ಬೀದಿಯ ನಾಯಿಗೋ ಇಟ್ಟು ಆಮೇಲೆ ನೀವು ಉಣ್ಣಿ.

ಹಂತ 4: ಮುಸ್ಸಂಜೆ ಮತ್ತು ನಡುರಾತ್ರಿ

ದಿನದಲ್ಲಿ ಎರಡು ಹೊತ್ತು ಬಲು ಕೆಟ್ಟವು. ಅವರು ಕೆಲಸದಿಂದ ಮನೆಗೆ ಬರುತ್ತಿದ್ದ ಹೊತ್ತು ಒಂದು, ನಿದ್ದೆ ಮುರಿಯುವ ಬೆಳಗಿನ ಜಾವದ ಮೂರು ಗಂಟೆ ಇನ್ನೊಂದು.

ಸಂಜೆ ಮನೆಯೊಳಗೆ ಒಬ್ಬರೇ ಇರಬೇಡಿ. ಗುಡಿಗೆ ನಡೆದು ಹೋಗಿ ಬನ್ನಿ, ಇಲ್ಲವೇ ಜಗಲಿಗೆ ಬಂದು ಕೂರಿ. ರಾತ್ರಿ ಎಚ್ಚರವಾದರೆ ಗಡಿಯಾರ ನೋಡಬೇಡಿ, ಮೊಬೈಲಿನಲ್ಲಿ ಪ್ರವಚನದ ವೀಡಿಯೊ ಹಾಕಬೇಡಿ. ಪ್ರವಚನ ಒಳ್ಳೆಯದೇ, ಪರದೆಯ ಬೆಳಕು ನಿದ್ದೆ ಕೆಡಿಸುತ್ತದೆ. ಬಲಗೈ ಹೊಟ್ಟೆಯ ಮೇಲಿಟ್ಟು ಅದೇ ನಾಮ, ಅದೇ ಉಸಿರು. ಇಲ್ಲಿ ಎಣಿಕೆ ಬೇಡ. ಅರ್ಧ ಗಂಟೆಯಾದರೂ ನಿದ್ದೆ ಬಾರದಿದ್ದರೆ ಎದ್ದು ಕೂತು, ಮಂಕು ದೀಪದಲ್ಲಿ ಬಾಯಿಗೆ ಬರುವ ಒಂದು ವಚನವನ್ನೋ ಪದವನ್ನೋ ನೋಟ್‌ಬುಕ್ಕಿನ ಹಿಂಬದಿಯಲ್ಲಿ ದುಂಡಗೆ ಬರೆಯಿರಿ. ಕೈ ಬರೆಯುವಾಗ ಮನಸ್ಸು ಅಲೆಯುವುದು ಕಡಿಮೆ.

ಮಕ್ಕಳು ಜೊತೆಗೆ ಮಲಗುತ್ತಿದ್ದರೆ ಅವರ ಪ್ರಶ್ನೆಗಳೂ ಈ ಹೊತ್ತಿಗೇ ಏಳುತ್ತವೆ. “ಅಪ್ಪ ಮಲಗಿದಾನೆ” ಎಂದರೆ ಮಗು ತಾನು ಮಲಗಲು ಹೆದರುತ್ತದೆ. “ಒಳ್ಳೆಯವರನ್ನು ದೇವರು ಬೇಗ ಕರ್ಕೊಳ್ತಾನೆ” ಎಂದರೆ ಒಳ್ಳೆಯವನಾಗಿರುವುದಕ್ಕೇ ಹೆದರುತ್ತದೆ, ದೇವರೆಂದರೆ ಕಿತ್ತುಕೊಳ್ಳುವವನು ಎಂದುಕೊಳ್ಳುತ್ತದೆ. ಚಿಕ್ಕ ಮಾತಿನಲ್ಲಿ ನಿಜ ಹೇಳಿ: “ಅಪ್ಪನ ಮೈ ಕೆಲಸ ಮಾಡೋದು ನಿಂತುಹೋಯ್ತು ಪುಟ್ಟಾ, ಮತ್ತೆ ಬರಲ್ಲ. ನಂಗೂ ಅಳು ಬರುತ್ತೆ. ನಿನ್ನ ಜೊತೆ ನಾನಿದೀನಿ, ಅಜ್ಜಿ ಇದಾರೆ, ದೇವರಿದಾನೆ.”

ಹಂತ 5: ನಾಲ್ಕು ಜನರ ನಡುವೆ ಕೂರುವುದು

ಮೂರು ತಿಂಗಳು ದಾಟಿದ ಮೇಲೆ ವಾರಕ್ಕೊಮ್ಮೆ ಒಂದು ಕೂಟಕ್ಕೆ ಹೋಗಿ: ಭಜನಾ ಮಂಡಳಿ, ಶಿವಾನುಭವ ಗೋಷ್ಠಿ, ಚರ್ಚಿನ ಪ್ರಾರ್ಥನಾ ಗುಂಪು, ಬಸದಿಯ ಸ್ವಾಧ್ಯಾಯ. ಮೊದಲ ದಿನ ಬಾಗಿಲ ಹತ್ತಿರ ಕೂರಿ, ಅರ್ಧಕ್ಕೆ ಎದ್ದು ಬರಬೇಕಾದರೂ ಮುಜುಗರವಾಗುವುದಿಲ್ಲ. ತಾಳ ಹಾಕಿದರೆ ಸಾಕು, ಹಾಡಲೇಬೇಕೆಂದಿಲ್ಲ.

ಅದಕ್ಕಿಂತ ಒಳ್ಳೆಯದು ದಾಸೋಹದ ಕೆಲಸ. ತುಮಕೂರಿನ ಸಿದ್ಧಗಂಗೆಯಂಥ ದೊಡ್ಡ ಮಠವೇ ಆಗಬೇಕಿಲ್ಲ, ನಿಮ್ಮೂರಿನ ಗುಡಿಯಲ್ಲಿ ಪ್ರಸಾದದ ದಿನ ತರಕಾರಿ ಹೆಚ್ಚಲು, ಎಲೆ ಹಾಕಲು ಕೈ ಬೇಕೇ ಬೇಕು. ಹತ್ತು ಕಿಲೊ ಈರುಳ್ಳಿ ಹೆಚ್ಚುವಾಗ ಕಣ್ಣೀರು ಬಂದರೆ ಯಾಕೆಂದು ಯಾರೂ ಕೇಳುವುದಿಲ್ಲ. ಉಂಡವರ ಮುಖ ನೋಡಿ ಮನೆಗೆ ಬಂದ ದಿನ ನಿಮಗೂ ಊಟ ಸೇರುತ್ತದೆ.

ಹೆಣ್ಣುಮಕ್ಕಳನ್ನು ಇಲ್ಲಿ ಒಂದು ಭಯ ತಡೆಯುತ್ತದೆ: ಕುಂಕುಮ, ಬಳೆ, ಹೂವು. ಯಾರು ಏನಂದುಕೊಳ್ಳುತ್ತಾರೋ, ಆರತಿ ತಟ್ಟೆ ನನ್ನೆದುರು ನಿಲ್ಲುತ್ತದೋ ಇಲ್ಲವೋ. ಇಟ್ಟುಕೊಳ್ಳುವುದೂ ಬಿಡುವುದೂ ನಿಮ್ಮ ಇಷ್ಟ, ಎರಡರಲ್ಲೂ ತಪ್ಪಿಲ್ಲ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿಯೇ ನೇಮಿಸಿದರು. ಗರ್ಭಗುಡಿಯೊಳಗೆ ನಿಂತು ಆರತಿ ಎತ್ತಲು ಅಡ್ಡಿಯಿಲ್ಲವೆಂದ ಮೇಲೆ ಹೊರಗೆ ನಿಂತು ಅದನ್ನು ಕಣ್ಣಿಗೊತ್ತಿಕೊಳ್ಳಲು ಯಾರ ಅಪ್ಪಣೆ ಬೇಕು? ಒಂದು ಕಡೆ ಅವಮಾನವಾದರೆ ಆ ಕೂಟ ಬಿಟ್ಟು ಇನ್ನೊಂದಕ್ಕೆ ಹೋಗಿ. ಅದಕ್ಕಾಗಿ ದೇವರನ್ನು ಬಿಡಬೇಡಿ.

“ಕಾಲ್ಗುಣ”, “ಜಾತಕ ದೋಷ” ಎನ್ನುವವರೂ ಬರುತ್ತಾರೆ. ಅವರ ಬೆನ್ನಿಗೇ ಪರಿಹಾರ ಮಾಡಿಕೊಡುವವರು ಬರುತ್ತಾರೆ. ಒಂದು ಕಟ್ಟುಪಾಡು ಇಟ್ಟುಕೊಳ್ಳಿ: ಯಾವ ಪರಿಹಾರ ಪೂಜೆಗೂ, ಹರಕೆಗೂ ಹಣ ಒಪ್ಪಿಕೊಳ್ಳುವ ಮೊದಲು ಮೂರು ರಾತ್ರಿ ಕಳೆಯಲಿ, ಜೊತೆಗಾರರಿಗೆ ಹೇಳಿಯಾಗಿರಲಿ. “ಇವತ್ತೇ ಮಾಡಿಸಬೇಕು, ಇಲ್ಲದಿದ್ದರೆ ಮಕ್ಕಳಿಗೆ ಕಂಟಕ” ಎಂದು ಹೆದರಿಸಿದವರ ಮನೆಗೆ ಎರಡನೇ ಸಲ ಹೋಗಬೇಡಿ. ವಾಮಾಚಾರ, ಅಮಾನವೀಯ ಆಚರಣೆಗಳ ವಿರುದ್ಧ ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ಭಯ ಹುಟ್ಟಿಸಿ ಕಿರುಕುಳ ಕೊಟ್ಟರೆ ಪೊಲೀಸರಲ್ಲಿ ದೂರು ಕೊಡಬಹುದು.

ಹರಕೆ ಹೊರಲೇಬೇಕು ಅನ್ನಿಸಿದರೆ ಒಂದೇ ಹರಕೆ, ಕೈಯಳತೆಯದು. ಐದಾರು ಕ್ಷೇತ್ರಗಳಿಗೆ ಹೊತ್ತುಕೊಂಡವರಿಗೆ, ತೀರಿಸದೆ ಉಳಿದವು ಮುಂದಿನ ಪ್ರತಿ ಜ್ವರ, ಪ್ರತಿ ಸೋಲಿನಲ್ಲೂ ನೆನಪಾಗಿ ಹೆದರಿಸುತ್ತವೆ. ಉಪವಾಸಕ್ಕೂ ಇದೇ ಮಾತು. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಏಕಾದಶಿಯೆಂದು ಊಟ ಬಿಟ್ಟು ಔಷಧ ಮಾತ್ರ ತೆಗೆದುಕೊಂಡರೆ ಸಕ್ಕರೆ ದಿಢೀರನೆ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದೂ ಆಗುತ್ತದೆ. ವೈದ್ಯರನ್ನು ಕೇಳದೆ ಉಪವಾಸ ಬೇಡ.

ನಿಯಮ ಹಿಡಿದರೂ ಏಳಲಾಗದಿದ್ದರೆ

ದುಃಖ ಸಾಮಾನ್ಯವಾಗಿ ಅಲೆಯ ಹಾಗೆ ಬರುತ್ತದೆ, ನಡುವೆ ಒಂದಿಷ್ಟು ಬಿಡುವು ಕೊಡುತ್ತದೆ. ವಾರಗಟ್ಟಲೆ ಬಿಡುವೇ ಇಲ್ಲದಿದ್ದರೆ, ಊಟ ನಿದ್ದೆ ಪೂರ್ತಿ ಕೆಟ್ಟಿದ್ದರೆ, ಕುಡಿತ ಹೆಚ್ಚಿದ್ದರೆ, “ನಾನೂ ಅವರ ಹಿಂದೆಯೇ ಹೋಗಬೇಕು” ಎಂಬ ಯೋಚನೆ ಒಂದೇ ಒಂದು ಸಲ ಬಂದಿದ್ದರೂ ಈ ಮಾರ್ಗದರ್ಶಿಯನ್ನು ಬದಿಗಿಟ್ಟು 14416ಕ್ಕೆ ಫೋನ್ ಮಾಡಿ. ಇದು ‘ಟೆಲಿ ಮಾನಸ್’, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ವೈದ್ಯರು ಮಾತ್ರೆ ಕೊಟ್ಟರೆ ತೆಗೆದುಕೊಳ್ಳಿ. ನಂಬಿಕೆ ಇದ್ದವರಿಗೆ ಮಾತ್ರೆ ಯಾಕೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಜಪ ಮತ್ತು ಔಷಧ ಒಟ್ಟೊಟ್ಟಿಗೆ ನಡೆಯಲಿ.

ಹಂತ 6: ಹಬ್ಬಗಳು, ಕೊನೆಗೆ ವರ್ಷಾಬ್ದಿಕ

ಮೊದಲ ವರ್ಷ ಹಬ್ಬ ಮಾಡದಿರುವುದು ಬಹಳ ಮನೆಗಳ ರೂಢಿ. ರೂಢಿ ಪಾಲಿಸಿ, ಆದರೆ ಆ ದಿನವನ್ನು ಬರಿದಾಗಿ ಬಿಡಬೇಡಿ. ಯುಗಾದಿ, ಗೌರಿ ಹಬ್ಬ, ದೀಪಾವಳಿ, ಮದುವೆಯಾದ ದಿನ, ಅವರ ಹುಟ್ಟುಹಬ್ಬ ಇಷ್ಟನ್ನೂ ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ, ಒಂದು ವಾರ ಮುಂಚೆ ಜೊತೆಗಾರರಿಗೆ ತಿಳಿಸಿ. ಆ ದಿನದ ಬೆಳಗ್ಗೆ ನಿಯಮ ಯಥಾಪ್ರಕಾರ, ಮಧ್ಯಾಹ್ನ ಯಾರಿಗಾದರೂ ಊಟ.

ವರ್ಷಾಬ್ದಿಕದ, ಅಂದರೆ ವರ್ಷ ತುಂಬಿದಾಗ ಮಾಡುವ ಶ್ರಾದ್ಧದ, ದಿನಾಂಕದಲ್ಲಿ ಜನ ಎಡವುತ್ತಾರೆ. ಶ್ರಾದ್ಧ ನಡೆಯುವುದು ಇಂಗ್ಲಿಷ್ ತಾರೀಖಿಗಲ್ಲ, ತಿಥಿಗೆ. ಅದೇ ತಿಥಿ ಮರುವರ್ಷ ಸುಮಾರು 11 ದಿನ ಮೊದಲೇ ಬರುತ್ತದೆ, ನಡುವೆ ಅಧಿಕ ಮಾಸ ಬಿದ್ದಿದ್ದರೆ ಸುಮಾರು 19 ದಿನ ತಡವಾಗುತ್ತದೆ. ತೀರಿಕೊಂಡ ದಿನದ ಮಾಸ, ಪಕ್ಷ, ತಿಥಿ ಮೂರನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡು, ಎರಡು ತಿಂಗಳು ಮುಂಚೆ ಪುರೋಹಿತರನ್ನು ಕೇಳಿ. ದೂರದ ಊರಿನಲ್ಲಿ, ವಿದೇಶದಲ್ಲಿ ಇರುವ ಮಕ್ಕಳು ಅದರ ಮೇಲೆ ರಜೆ, ಟಿಕೆಟ್ ನೋಡಿಕೊಳ್ಳಬೇಕಾಗುತ್ತದೆ. ವರ್ಷಾಬ್ದಿಕ ಮುಗಿಯುವವರೆಗೆ ಮಹಾಲಯ, ಅಂದರೆ ಪಿತೃಪಕ್ಷದ ಶ್ರಾದ್ಧ, ಮಾಡದ ಮನೆತನಗಳೂ ಇವೆ, ನಿಮ್ಮ ಮನೆಯ ಕ್ರಮ ಕೇಳಿಕೊಳ್ಳಿ.

ಆ ದಿನ ಕರ್ಮ ಮುಗಿದು, ಎಲೆ ಎತ್ತಿ, ನೆಂಟರು ಹೊರಟ ಮೇಲೆ ಸಂಜೆ ದೇವರ ಮುಂದೆ ಅದೇ ಚಾಪೆ ಹಾಕಿ ಕೂರಿ. ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿ. ಸಹಿ ಹಾಕುವುದಿಲ್ಲ ಎಂದು ಮಾಡಿದ್ದ ಸಂಕಲ್ಪದ ಅವಧಿ ಇಲ್ಲಿಗೆ ಮುಗಿಯಿತು. ಇನ್ನು ಆಸ್ತಿ ಕಾಗದಗಳನ್ನು ಒಬ್ಬ ವಕೀಲರಿಗೆ ತೋರಿಸಿ ನಿಧಾನವಾಗಿ ತೀರ್ಮಾನಿಸಬಹುದು. ಬೀರುವಿನಲ್ಲಿರುವ ಅವರ ಬಟ್ಟೆಗಳಿಗೂ ಹಾಗೆಯೇ: ಒಂದು ಜೊತೆ ನಿಮಗಾಗಿ ಇಟ್ಟುಕೊಂಡು, ಉಳಿದವನ್ನು ಒಗೆದು ಇಸ್ತ್ರಿ ಮಾಡಿ, ಬೇಕಾದವರಿಗೆ ನಿಮ್ಮ ಕೈಯಾರೆ ಕೊಟ್ಟು ಬನ್ನಿ. ಆಗದಿದ್ದರೆ ಇನ್ನೊಂದು ಆರು ತಿಂಗಳು ಅಲ್ಲೇ ಇರಲಿ, ಅವಸರವೇನಿಲ್ಲ.